ಬೇಲಿಗೆ ಬೆನ್ನು ಹಾಕಿದ ಹಿಮಸಾರಂಗಗಳು

ನಾನು ಇಪ್ಪತ್ತಾರು ವರ್ಷ ಕಲ್ಲು ಮಾಡುವ ಕೆಲಸದಲ್ಲಿದ್ದೆ. ಹೀಗೆಂದರೆ ಕನ್ನಡ ಸಂಘದ ಊಟದ ಸಾಲಿನಲ್ಲಿ ಪಕ್ಕದವರು ನಗುತ್ತಾರೆ. ಆದರೆ ಇದಕ್ಕಿಂತ ಸರಿಯಾದ ಹೆಸರು ನನಗೆ ಸಿಕ್ಕಿಲ್ಲ. ಟೊರೊಂಟೊದ ಸ್ಕಾರ್ಬರೋದಲ್ಲಿ ಒಂದು ಟೈರು ಅಂಗಡಿಗೂ ಒಂದು ಬ್ರೆಡ್ ಕಾರ್ಖಾನೆಗೂ ನಡುವೆ ನಮ್ಮ ವರ್ಕ್‌ಶಾಪ್ ಇತ್ತು. ಮ್ಯೂಸಿಯಂಗಳಿಗೆ, ಪ್ರಾಣಿಸಂಗ್ರಹಾಲಯಗಳಿಗೆ ಬೇಕಾದ ಬಂಡೆ, ಗುಹೆ, ಮರದ ಬೊಡ್ಡೆಗಳನ್ನು ಫೋಮಿನಲ್ಲಿ ಕೊರೆದು, ಮೇಲೆ ಸಿಮೆಂಟಿನಂಥ ಲೇಪ ಬಳಿದು, ಬಣ್ಣ ಹಚ್ಚಿ ಕಳಿಸುತ್ತಿದ್ದೆವು. ಬಣ್ಣ ಹಚ್ಚುವುದು ನನ್ನ ಪಾಲಿನ ಕೆಲಸ.

ಹೋದ ತಿಂಗಳು ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಲಿಫ್ಟಿನಲ್ಲಿ ಸಿಕ್ಕಿ, ತಾನೂ ಇದೇ ಕಸುಬಿಗೆ ಸೇರುತ್ತಿದ್ದೇನೆ, ಏನಾದರೂ ಹೇಳಿ ಆಂಟಿ ಎಂದಳು. ಹದಿನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಬಣ್ಣದ ಬಗ್ಗೆ ಎರಡು ಮಾತು ಹೇಳಿದೆ. ನಿಜವಾಗಿ ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ನಮ್ಮಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಬಣ್ಣ ಕಲೆಸುವುದನ್ನು ಅವರಿಂದ ಕಲಿತಿದ್ದೆ. ಟೊರೊಂಟೊಗೆ ಬಂದ ಮೇಲೆ ಎರಡು ವರ್ಷ ಬಿಸ್ಕತ್ತು ಪ್ಯಾಕ್ ಮಾಡಿ, ಆಮೇಲೆ ಈ ವರ್ಕ್‌ಶಾಪಿನಲ್ಲಿ ನೆಲ ಗುಡಿಸಲು ಸೇರಿದೆ. ಒಂದು ದಿನ ಪೇಂಟರ್ ಬರಲಿಲ್ಲವೆಂದು ಬ್ರಷ್ ಹಿಡಿದೆ, ಮತ್ತೆ ಕೆಳಗಿಡಲಿಲ್ಲ.

ನಮ್ಮ ಯಜಮಾನ ಗಾರ್ತ್ ಆರಡಿ ಮೀರಿದ ಎತ್ತರದ ಮನುಷ್ಯ. ಬಣ್ಣ ಒಣಗಿದ ಕಲ್ಲಿನ ಮೇಲೆ ಉಗುಳು ಹಚ್ಚಿದ ಹೆಬ್ಬೆರಳು ಉಜ್ಜುತ್ತಿದ್ದ. ಬೆರಳಿಗೆ ಬಣ್ಣ ಹತ್ತಿದರೆ ಮತ್ತೆ ಮೊದಲಿಂದ ಮಾಡಬೇಕು, ಹತ್ತದಿದ್ದರೆ ‘ಹೂಂ, ಕಳಿಸಿ’ ಎನ್ನುತ್ತಿದ್ದ. ಅದೇ ಅವನ ಹೊಗಳಿಕೆ. ನನ್ನ ಮೊದಲ ದೊಡ್ಡ ಎಡವಟ್ಟು ಒಂದು ಕರಡಿ ಗುಹೆ. ವರ್ಕ್‌ಶಾಪಿನ ಟ್ಯೂಬ್‌ಲೈಟಿನಲ್ಲಿ ಅಪ್ಪಟ ಬೂದು ಬಂಡೆಯಂತಿದ್ದದ್ದು ಮ್ಯೂಸಿಯಮ್ಮಿನ ದೀಪದ ಕೆಳಗೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಗಾರ್ತ್ ಬೈಯಲಿಲ್ಲ. ಆ ಕೋಣೆಯಲ್ಲಿ ನನ್ನನ್ನು ಇಡೀ ದಿನ ಸ್ಟೂಲಿನ ಮೇಲೆ ಕೂರಿಸಿ, ಜನ ಬಂದು ನೋಡಿ ನಗುವುದನ್ನು ನೋಡಲು ಹೇಳಿದ. ಅಂದಿನಿಂದ ಯಾವ ಜಾಗಕ್ಕೆ ಕಲ್ಲು ಹೋಗುತ್ತದೋ ಆ ಜಾಗದ ಬಲ್ಬನ್ನೇ ತರಿಸಿ, ಅದರ ಕೆಳಗೆ ಬಣ್ಣ ಹಚ್ಚುವ ರೂಢಿ ಮಾಡಿಕೊಂಡೆ. ಹೊಸಬರಿಗೆ ಇದೊಂದು ಉಪಯೋಗಕ್ಕೆ ಬರುತ್ತದೆ.

ಇನ್ನು ನಳಿನಿಯ ವಿಷಯ.

ನಳಿನಿ ಮೈಸೂರಿನವಳು, ನನಗಿಂತ ಆರು ವರ್ಷ ಚಿಕ್ಕವಳು. ಅಲ್ಲಿ ಚಿತ್ರಕಲೆ ಓದಿ ಇಲ್ಲಿ ಬಂದು ಕಾಲ್ ಸೆಂಟರಿನಲ್ಲಿ ಕೂತಿದ್ದಳು. ಸಂಘದ ದೀಪಾವಳಿಗೆ ಒಂದು ಶಾಲೆಯ ಜಿಮ್ಮಿನಲ್ಲಿ ವೇದಿಕೆ ಹಾಕಿದ್ದರು; ಹಿಂದಿನ ಪರದೆಯ ಮೇಲೆ ಅವಳು ಬರೆದ ಕಲ್ಲಿನ ಮಂಟಪ ನೋಡಿ ನಾನೇ ಹೋಗಿ ಮಾತಾಡಿಸಿದೆ. ನಾನೇ ಗಾರ್ತನ ಬಳಿ ಕರೆದುಕೊಂಡು ಹೋದೆ. ಸ್ಪಂಜು ಹಿಡಿಯುವುದು, ಬಣ್ಣ ಚಿಮುಕಿಸುವುದು, ತೇವದ ಕಲೆ ಮೂಡಿಸುವುದು, ಎಲ್ಲವನ್ನೂ ನಾನೇ ಕಲಿಸಿದೆ. ಮೂರನೆಯ ತಿಂಗಳು ಅವಳ ಒಂದು ಸುಣ್ಣಕಲ್ಲಿನ ಗೋಡೆಯ ಮೇಲೆ ಗಾರ್ತ್ ಹೆಬ್ಬೆರಳು ಉಜ್ಜಿದ. ಆಮೇಲೆ ‘ಗುಡ್’ ಅಂದ.

ಒಂಬತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಆ ಮಾತು ಸಿಕ್ಕಿರಲಿಲ್ಲ.

ಅವತ್ತಿನಿಂದ ನಾನು ಎಣಿಸತೊಡಗಿದೆ. ಆ ವರ್ಷ ಅವಳಿಗೆ ಹನ್ನೊಂದು ಗುಡ್. ಅವಳ ಮೇಜಿನ ಹತ್ತಿರ ಗಾರ್ತ್ ಎಷ್ಟು ಹೊತ್ತು ನಿಂತ, ನನ್ನ ಮೇಜಿನ ಹತ್ತಿರ ಎಷ್ಟು ಹೊತ್ತು ನಿಂತ ಎಂಬುದೂ ನನ್ನ ಗಮನದಲ್ಲಿರುತ್ತಿತ್ತು. ಅವಳು ಅದ್ಯಾವುದನ್ನೂ ಅರಿಯದೆ ದಿನಾ ಮಧ್ಯಾಹ್ನ ಅರ್ಧ ಡಬ್ಬಿ ಬಿಸಿಬೇಳೆಬಾತ್ ನನ್ನ ಕಡೆ ತಳ್ಳಿ, “ತಗೊಳ್ಳಿ ಗಿರಿಜಕ್ಕ, ನಿಮ್ಮ ಜೋಳದ ರೊಟ್ಟಿ ಒಂದು ಕೊಡಿ” ಎನ್ನುತ್ತಿದ್ದಳು. ಕೊಡುತ್ತಿದ್ದೆ. ಅವಳ ಅನ್ನ ತಿನ್ನುತ್ತಲೇ, ಇವತ್ತಾದರೂ ಇವಳ ಬಣ್ಣ ಕೆಟ್ಟು ಹೋಗಲಿ ಎಂದು ಬಯಸುತ್ತಿದ್ದೆ.

ಮನೆಯಲ್ಲಿ ನಮ್ಮವರಿಗೆ ಇದು ತಿಳಿದುಹೋಗಿತ್ತು. “ನೀನ ಕರ್ಕೊಂಡ ಹೋದಾಕಿ, ಈಗ ನೀನ ಯಾಕ ಉರ್ಕೋತಿ?” ಎಂದು ಒಂದೆರಡು ಸಲ ಕೇಳಿದರು. ಕರೆದುಕೊಂಡು ಹೋದವಳು ನಾನೇ ಆಗಿದ್ದರಿಂದಲೇ ಇನ್ನಷ್ಟು ಉರಿಯುತ್ತಿತ್ತು.

ಹತ್ತು ವರ್ಷಗಳ ನಂತರ ಪಶ್ಚಿಮ ಕೆನಡಾದ ಒಂದು ಮ್ಯೂಸಿಯಮ್ಮಿನಿಂದ ದೊಡ್ಡ ಕೆಲಸ ಬಂತು. ನಾರ್ವೆಯ ಉತ್ತರ ತುದಿಯಲ್ಲಿ, ಸಮುದ್ರದ ದಡದ ಬಂಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನ ಜನ ಕೊರೆದ ಚಿತ್ರಗಳಿವೆ. ಅದನ್ನು ಕಾಯಲು ಅಲ್ಲೇ ಒಂದು ಮ್ಯೂಸಿಯಂ ಇದೆ. ಆ ಬಂಡೆಯ ಒಂದು ಭಾಗವನ್ನು ನಾವು ಅಳತೆಗೆ ಸರಿಯಾಗಿ ಇಲ್ಲಿ ಮಾಡಿಕೊಡಬೇಕಿತ್ತು. ಗಾರ್ತನ ಜೊತೆ ಇನ್ನೊಬ್ಬರು ಮೂರು ವಾರ ಹೋಗಿ ಗೆರೆಗಳನ್ನು ಪಡಿಮೂಡಿಸಿಕೊಂಡು, ಬಣ್ಣಗಳ ಟಿಪ್ಪಣಿ ಮಾಡಿಕೊಂಡು ಬರಬೇಕು. ಹಿರಿಯ ಪೇಂಟರ್ ನಾನು. ಹೋಗುವವಳು ನಾನೇ ಎಂದುಕೊಂಡೆ. ಸಂಘದಲ್ಲಿ ಹತ್ತು ಜನಕ್ಕೆ ಹೇಳಿಯೂ ಬಿಟ್ಟೆ.

ಚಹಾದ ಹೊತ್ತಿನಲ್ಲಿ ಗಾರ್ತ್ ಎಲ್ಲರ ಎದುರು, “ನಳಿನಿ, ನಿನ್ನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದೆಯಾ?” ಎಂದು ಕೇಳಿದ.

ಆಮೇಲೆ ನಾನು ಅವನ ಕೋಣೆಗೆ ಹೋಗಿ ಯಾಕೆ ಅವಳು ಎಂದೆ. “ಅವಳು ಚಿತ್ರ ಬರೆಯುತ್ತಾಳೆ ಗಿರಿಜಾ. ನೀನು ಇಲ್ಲಿರದಿದ್ದರೆ ವರ್ಕ್‌ಶಾಪಿನ ಕೆಲಸ ನಿಲ್ಲುತ್ತದೆ” ಎಂದ. ಎರಡೂ ಮಾತು ನಿಜವೇ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಆ ಮೂರು ವಾರ ನನ್ನ ಫೋನಿಗೆ ಫೋಟೋಗಳು ಬರುತ್ತಿದ್ದವು. ಕೆಂಪು ಜಾಕೆಟ್ ತೊಟ್ಟ ನಳಿನಿ ಬಂಡೆಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಾಳೆ, ಹಿಂದೆ ನೀಲಿ ನೀರು, ಬೆಟ್ಟದ ಮೇಲೆ ಉಳಿದ ಹಿಮ. ಕೆಳಗೆ, ‘ಗಿರಿಜಕ್ಕ, ಇಲ್ಲಿ ನೀವಿರ್ಬೇಕಿತ್ತು.’ ಪ್ರೀತಿಯಿಂದಲೇ ಬರೆದಿದ್ದಳು. ನಾನು ಉತ್ತರ ಕೊಡಲಿಲ್ಲ.

ಹಿಂದೆಲ್ಲ ಇಂಥ ಕಲ್ಲಿನ ಮೇಲೆ ರಬ್ಬರ್ ಸುರಿದು ಅಚ್ಚು ತೆಗೆಯುತ್ತಿದ್ದರಂತೆ. ಕಲ್ಲಿನ ಚಕ್ಕೆ ಎದ್ದುಬರುತ್ತದೆಂದು ಈಗ ಅದಕ್ಕೆ ಬಿಡುವುದಿಲ್ಲ. ಆದ್ದರಿಂದ ಅಲ್ಲಿನವರ ಅನುಮತಿ ಪಡೆದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಬಂಡೆಯ ಮೇಲೆ ಹಾಸಿ, ಒಂದೊಂದೇ ಗೆರೆಯನ್ನು ಪೆನ್ನಿನಲ್ಲಿ ಎಳೆದು ತಂದಿದ್ದಳು. ಇಂಥ ಹಾಳೆಯಲ್ಲಿ ಒಂದು ಅಪಾಯವಿದೆ: ಯಾವ ಬದಿಯಿಂದ ನೋಡಿದರೂ ಗೆರೆ ಕಾಣುತ್ತದೆ. ಮಗುಚಿ ಹಾಕಿದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಟಾಪ್ ಎಂಬುದಕ್ಕೆ ಟಿ ಎಂದು ಗುರುತು ಹಾಕಿದರೆ ಉಪಯೋಗವಿಲ್ಲ, ಆ ಅಕ್ಷರ ಮಗುಚಿದರೂ ಹಾಗೇ ಇರುತ್ತದೆ. ಅದಕ್ಕೆ ನಳಿನಿ ಪ್ರತಿ ಹಾಳೆಯ ಮೂಲೆಯಲ್ಲಿ ‘ಮೇಲೆ’ ಎಂಬುದಕ್ಕೆ ‘ಮ’ ಎಂದು ಬರೆದಿದ್ದಳು. ಮ ಸರಿಯಾಗಿ ಕಂಡರೆ ಹಾಳೆ ಸರಿ. ವರ್ಕ್‌ಶಾಪಿನ ಗೋಡೆಯ ಮೇಲೂ ದೊಡ್ಡದಾಗಿ ಒಂದು ಮ ಬರೆದು ಎಲ್ಲರಿಗೂ ತೋರಿಸಿದ್ದಳು. ಗಾರ್ತನಿಗೆ ಅದು ತುಂಬ ಇಷ್ಟವಾಯಿತು. ‘ಗುಡ್, ವೆರಿ ಗುಡ್’ ಎಂದ.

ಫೋಮ್ ಕೊರೆಯುವವನು ರೊಮೆಲ್, ಫಿಲಿಪೀನ್ಸಿನವನು. ಒಳ್ಳೆಯ ಕೈ. ಕೊನೆಯ ಹಾಳೆ ಹಾಸುವ ದಿನ ನಳಿನಿ ಜ್ವರವೆಂದು ಮನೆಯಲ್ಲಿದ್ದಳು. ಆ ಹಾಳೆಯಲ್ಲಿ ಏಳು ಹಿಮಸಾರಂಗಗಳಿದ್ದವು. ಪಕ್ಕದ ಹಾಳೆಯಲ್ಲಿ ಒಂದು ದುಂಡನೆಯ ಬೇಲಿ, ಬೇಟೆಯವರು ಪ್ರಾಣಿಗಳನ್ನು ಅಟ್ಟಿ ಕೂಡುತ್ತಿದ್ದ ದೊಡ್ಡಿ. ಈ ಏಳೂ ಆ ದೊಡ್ಡಿಯ ಬಾಯಿಯ ಕಡೆ ನಡೆಯುತ್ತಿರಬೇಕು. ನಡುವೆ ಬಂಡೆಯ ಬಿರುಕು ಇದ್ದದ್ದರಿಂದ ಎರಡು ಹಾಳೆಗಳ ಗೆರೆ ಕೂಡುತ್ತದೋ ಇಲ್ಲವೋ ಎಂದು ನೋಡುವ ಸಂದರ್ಭವಿರಲಿಲ್ಲ.

ನಾನು ಚಹಾದ ಲೋಟ ಹಿಡಿದು ಆ ಕಡೆ ಹೋದೆ. ಮೂಲೆಯ ಮ ಉಲ್ಟಾ ಇತ್ತು.

ರೊಮೆಲ್‌ಗೆ ಅದು ಒಂದು ಸುರುಳಿ ಗೆರೆ ಅಷ್ಟೆ. ಅವನು ತಲೆ ಎತ್ತಿ, “ಓಕೆ, ಆತೆ?” ಎಂದು ಕೇಳಿದ. ಆತೆ ಎಂದರೆ ಅವರಲ್ಲಿ ಅಕ್ಕ.

“ಓಕೆ,” ಎಂದೆ ನಾನು.

ಅವನು ಗೆರೆಗಳನ್ನು ಫೋಮಿಗೆ ಇಳಿಸಿಕೊಂಡ. ಆಮೇಲೆ ಫೋಮಿಗೆ ಅಂಟಿಸಿದ್ದ ಹಾಳೆಯ ಅಂಚನ್ನು ಎಂದಿನಂತೆ ಕತ್ತರಿಸಿ ಎಸೆದರು. ಮ ಕೂಡ ಕಸಕ್ಕೆ ಹೋಯಿತು. ಮುಂದಿನ ಎರಡು ವಾರ ಆ ಏಳು ಹಿಮಸಾರಂಗಗಳ ಸುತ್ತ ನಾನೇ ಬಣ್ಣ ಹಚ್ಚಿದೆ. ನಳಿನಿಯ ಟಿಪ್ಪಣಿ ನೋಡಿಕೊಂಡೇ ಹಚ್ಚಿದೆ, ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದನ್ನು ಹಚ್ಚಿಲ್ಲ. ಅವು ಬೇಲಿಗೆ ಬೆನ್ನು ಹಾಕಿ ಎತ್ತಲೋ ನಡೆದಿದ್ದವು. ನಳಿನಿಗೆ ಬೇರೆ ಭಾಗದ ಬಣ್ಣದ ಕೆಲಸವಿತ್ತು, ತುಂಡುಗಳನ್ನು ಜೋಡಿಸುವವರೆಗೆ ಅವಳು ಇದನ್ನು ನೋಡಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ನಳಿನಿ ಡಬ್ಬಿ ತೆರೆದ ಕೂಡಲೇ ಮನಸ್ಸು ಕಲ್ಲಾಗುತ್ತಿತ್ತು.

ಸಾಗಿಸುವ ಮೊದಲು ನಮಗೆ ಕೆಲಸ ಕೊಟ್ಟ ಮ್ಯೂಸಿಯಮ್ಮಿನ ತಜ್ಞೆಯೊಬ್ಬರು ನೋಡಲು ಬಂದರು. ಸುತ್ತಲೂ ನಡೆದು, ಅಲ್ಲಿ ಬಂದು ನಿಂತು, “ಇವು ಯಾಕೆ ಹೊರಗೆ ಹೋಗುತ್ತಿವೆ?” ಎಂದರು.

ಗಾರ್ತನ ಕುತ್ತಿಗೆ ಕೆಂಪಾಯಿತು. ಎಲ್ಲರನ್ನೂ ಕರೆದು, ಹಾಳೆ ತಪ್ಪಾಗಿ ಹಾಸಿದ್ದೋ ಗುರುತೇ ತಪ್ಪೋ ಎಂದು ಕೇಳಿದ. ನಳಿನಿ ಬಹಳ ಹೊತ್ತು ಆ ಬಂಡೆಯನ್ನೇ ನೋಡಿದಳು. “ನಾನೇ ಮ ತಪ್ಪು ಬದಿಯಲ್ಲಿ ಬರೆದಿರಬೇಕು,” ಎಂದಳು. “ಅವತ್ತು ಗಾಳಿ ಜೋರಾಗಿತ್ತು, ಬೆರಳು ಮರಗಟ್ಟಿದ್ದವು. ಹಾಳೆ ಉಲ್ಟಾ ಹಾಸಿದ್ದರೆ ಗಿರಿಜಾ ಕಂಡುಹಿಡಿಯುತ್ತಿದ್ದರು. ಅವರಿಗೆ ಆ ಅಕ್ಷರ ಓದಲು ಬರುತ್ತದೆ.”

ಗಾರ್ತ್ ನನ್ನ ಕಡೆ ತಿರುಗಿದ. “ನೀನು ನೋಡಿದ್ದೆಯಾ?”

“ನೋಡಿದ್ದೆ. ಸರಿಯಾಗಿಯೇ ಇತ್ತು,” ಎಂದೆ.

ಆ ಭಾಗವನ್ನು ಒಡೆದು ಮತ್ತೆ ಮಾಡಿದೆವು. ಗಾರ್ತ್ ಆಮೇಲೆ ನಳಿನಿಯ ಮೇಜಿನ ಬಳಿ ನಿಲ್ಲುವುದನ್ನು ಬಿಟ್ಟ. ಮುಂದಿನ ಹೊರಗಿನ ಕೆಲಸಕ್ಕೆ, ಸಡ್ಬರಿ ಕಡೆಯ ಒಂದು ಹಳೆಯ ಗಣಿಯ ಬಂಡೆ ನೋಡಲು, ನನ್ನನ್ನು ಕಳಿಸಿದ. ಅಲ್ಲಿ ನಾಲ್ಕು ದಿನ ಖುಷಿಯಾಗಿಯೇ ಇದ್ದೆ. ಪಶ್ಚಾತ್ತಾಪದಿಂದ ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ನಿದ್ದೆ ಬಂತು. ವರ್ಷ ತುಂಬುವುದರೊಳಗೆ ನಳಿನಿ ಕೆಲಸ ಬಿಟ್ಟು ನ್ಯೂಮಾರ್ಕೆಟಿನ ಒಂದು ಕಚೇರಿಯಲ್ಲಿ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸಕ್ಕೆ ಸೇರಿದಳು. ಸಂಘದವರು ಪರದೆ ಬರೆದುಕೊಡಿ ಎಂದಾಗ, ಈಗ ಕೈ ಬರುವುದಿಲ್ಲ ಎಂದಳಂತೆ. ಆ ಮಾತು ಕೇಳಿದ ದಿನ ಮಾತ್ರ ನನಗೆ ಊಟ ಇಳಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹಾಳೆ, ಪೆನ್ನು ಎಲ್ಲ ಹೋದವು. ಕ್ಯಾಮೆರಾದಿಂದ ಬಂಡೆಯನ್ನು ಸ್ಕ್ಯಾನ್ ಮಾಡುತ್ತಾರೆ, ಯಂತ್ರವೇ ಫೋಮ್ ಕೊರೆಯುತ್ತದೆ. ಹೊಸಬರು ಇನ್ನು ತಪ್ಪಾಗುವುದಿಲ್ಲ ಎಂದುಕೊಳ್ಳುತ್ತಾರೆ. ಒಂದು ಬಟನ್ ಒತ್ತಿ ಇಡೀ ಗುಹೆ ಎಡಬಲ ಆದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಆ ಎರಡು ಸಲವೂ ಕೂಗಿ ಹೇಳಿದೆ. ಹೇಳುವುದು ಕಷ್ಟವಾಗಲಿಲ್ಲ, ಯಾಕೆಂದರೆ ಆ ಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ.

ನಾನು ನಿವೃತ್ತಳಾಗಿ ಕೆಲವು ವರ್ಷಗಳಾದ ಮೇಲೆ ಒಂದು ಭಾನುವಾರ ನಳಿನಿಯ ಫೋನ್ ಬಂತು. “ಗಿರಿಜಕ್ಕ, ನಾನೂ ರಿಟೈರ್ ಆದೆ. ಆ ಬಂಡೆ ಇನ್ನೊಂದ್ಸಲ ನೋಡ್ಬೇಕು ಅನ್ಸ್ತಿದೆ. ನಮ್ಮನೇವ್ರಿಗೆ ಚಳಿ ಆಗಲ್ಲ. ನೀವು ಬರ್ತೀರಾ?”

ಬರುತ್ತೇನೆ ಎಂದೆ. ಅವಳ ಮೇಲಿನ ಪ್ರೀತಿಗಿಂತ, ಹನ್ನೊಂದು ವರ್ಷದ ಹಿಂದೆ ಅವಳು ಕಂಡದ್ದನ್ನು ನಾನು ಇನ್ನೂ ಕಂಡಿಲ್ಲ ಎಂಬ ಉರಿಗೆ.

ಜೂನ್ ತಿಂಗಳಲ್ಲಿ ಹೋದೆವು. ಮೂರು ವಿಮಾನ ಬದಲಿಸಿ ಆ ಊರು ಮುಟ್ಟಿದೆವು. ಮ್ಯೂಸಿಯಮ್ಮಿನ ಕಟ್ಟಡ ಚಿಕ್ಕದು. ನಿಜವಾದ ಮ್ಯೂಸಿಯಂ ಹೊರಗಿದೆ. ಸಮುದ್ರ ಬೆಟ್ಟಗಳ ನಡುವೆ ಒಳಗೆ ಚಾಚಿಕೊಂಡಿದೆ, ದಡದ ಇಳಿಜಾರಿನಲ್ಲಿ ಮರದ ಹಲಗೆಯ ಕಾಲುದಾರಿ, ಅದರ ಎರಡೂ ಬದಿಗೆ ಬಂಡೆಗಳು. ಎಲ್ಕ್ ಎನ್ನುವ ದೊಡ್ಡ ಸಾರಂಗ, ಕರಡಿ, ದೋಣಿ, ಗಾಳ ಹಿಡಿದ ಮನುಷ್ಯರು. ಕೆಲವು ಕಡೆ ಗೆರೆಗಳಲ್ಲಿ ಕೆಂಪು ಬಣ್ಣವಿತ್ತು. ಅದು ನೋಡುವವರಿಗೆ ಕಾಣಲೆಂದು ನಮ್ಮ ಕಾಲದವರು ತುಂಬಿದ್ದು, ಈಗ ತೆಗೆಯುತ್ತಿದ್ದೇವೆ ಎಂದು ಅಲ್ಲಿನ ಹೆಂಗಸು ಹೇಳಿದರು. ಬಣ್ಣವಿಲ್ಲದ ಗೆರೆಗಳು ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತವೆ. ಮೋಡ ಬಂದರೆ ಬರೀ ಕಲ್ಲು.

ನಾನು ಇಪ್ಪತ್ತಾರು ವರ್ಷ ಮಾಡಲು ಹೆಣಗಿದ ಕಲ್ಲು ಎದುರಿಗಿತ್ತು. ಬೂದುಹಸಿರು ಮೈ, ಮೇಲೆ ಮಸಾಲೆಗೆ ಹಾಕುತ್ತೇವಲ್ಲ, ಆ ಕಲ್ಲುಹೂವಿನಂಥ ಚಕ್ಕೆಗಳು, ಬಿರುಕಿನಲ್ಲಿ ತುಕ್ಕಿನ ಬಣ್ಣದ ನೀರಿನ ಕಲೆ. ನಳಿನಿಯ ಟಿಪ್ಪಣಿಯ ಒಂದೊಂದು ಬಣ್ಣವೂ ನನಗೆ ನೆನಪಿತ್ತು. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದೆ. ಹಲಗೆಯ ಮೇಲೆ ಬಗ್ಗಿ, ಕನ್ನಡಕ ಒರೆಸಿಕೊಂಡು ಹುಡುಕಿದೆ. ಸಿಗಲಿಲ್ಲ. ತುಕ್ಕಿನ ಪಕ್ಕದಲ್ಲಿ ಒಂದು ಎಳೆ ನೇರಳೆ ಇದೆ ಎಂದು ಬರೆದಿದ್ದಳು. ನಾನು ಆಗ ಅದನ್ನು ನಂಬದೆ ಕಡಿಮೆ ಹಚ್ಚಿದ್ದೆ. ಅದೂ ಇತ್ತು.

ನಳಿನಿ ಮುಂದೆ ಹೋಗಿ ಆ ದೊಡ್ಡಿಯ ಬಂಡೆಯ ಬಳಿ ನಿಂತಿದ್ದಳು. ಏಳು ಹಿಮಸಾರಂಗಗಳು ಬೇಲಿಯ ಬಾಯಿಯತ್ತ ಮುಖ ಮಾಡಿ ನಡೆದಿದ್ದವು.

“ಇಲ್ಲೇ ಕೂತಿದ್ದೆ ಗಿರಿಜಕ್ಕ,” ಎಂದಳು. “ಇಲ್ಲಿ ಹಾಳೆ ಹಾರಿಹೋಯ್ತು, ಓಡಿ ಹಿಡ್ಕೊಂಡೆ. ಆಗ್ಲೇ ಮಗುಚಿ ಹಾಕ್ಕೊಂಡು ಮ ಬರ್ದಿರ್ಬೇಕು. ಎಷ್ಟ್ ಸಲ ನೆನಪು ಮಾಡ್ಕೊಂಡಿದೀನಿ ಅಂದ್ರೆ, ಈಗ ಮಗುಚಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.”

ನಡೆಯದೇ ಇದ್ದದ್ದು ಅವಳ ಕಣ್ಣಿಗೆ ಕಟ್ಟಿತ್ತು.

“ನೀ ಮಗುಚಿಲ್ಲ, ನಳಿನಿ. ನೀ ಬರೆದದ್ದು ಸರಿನ ಇತ್ತು. ರೊಮೆಲ್ ಹಾಳೆ ಉಲ್ಟಾ ಹಾಸಿದ್ದ. ನಾ ಆ ಮ ನೋಡೀನಿ. ಓಕೆ ಏನು ಅಂತ ಕೇಳಿದ, ಓಕೆ ಅಂದೆ.”

ಅವಳು ತಿರುಗಿ ನೋಡಿದಳು. “ಗೊತ್ತಿದ್ದೂ?”

“ಹೂಂ, ಗೊತ್ತಿದ್ದ.”

“ಯಾಕೆ?”

“ಹೊಟ್ಟಿಕಿಚ್ಚಿಗೆ. ನಿನಗ ಗುಡ್ ಅಂತಿದ್ದ, ನಿನ್ನ ಇಲ್ಲಿಗೆ ಕರ್ಕೊಂಡ ಬಂದ. ಅಷ್ಟ.”

ಅವಳು ಮತ್ತೆ ಬಂಡೆಯ ಕಡೆ ತಿರುಗಿ ಹೇಳಿದಳು: “ಮನೆಗೆ ಬೀಗ ಹಾಕಿ ಎರಡು ಸಲ ವಾಪಸ್ ಹೋಗಿ ನೋಡ್ತೀನಿ. ಆಫೀಸಲ್ಲಿ ಒಂದೊಂದು ಫಾರ್ಮು ಮೂರು ಸಲ ಓದ್ತಿದ್ದೆ, ಹುಡುಗೀರು ನಗೋರು. ಗ್ಯಾಸ್ ಆಫ್ ಮಾಡಿದ್ರೂ ಮಗಳನ್ನ ಕೇಳ್ತೀನಿ. ನನ್ನ ಕಣ್ಣನ್ನ ನಾನೇ ನಂಬ್ತಿರ್ಲಿಲ್ಲ ಗಿರಿಜಕ್ಕ. ಹನ್ನೊಂದು ವರ್ಷ.”

ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದು ಎಂಬುದು ಹೇಳುವಾಗಲೇ ತಿಳಿಯಿತು. ಅವಳು ಕಾಲುದಾರಿಯಲ್ಲಿ ಒಬ್ಬಳೇ ಮುಂದೆ ಹೋದಳು. ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಡ್ರೈವರಿನ ಹಿಂದೆ ಕೂತಳು.

ಮರುದಿನ ತಿಂಡಿಯಲ್ಲಿ ಒಂದೇ ಮಾತು ಆಡಿದಳು. “ಗಾರ್ತ್‌ಗೆ ಫೋನ್ ಮಾಡಿ ಹೇಳಿ. ನನ್ನ ಎದುರಿಗೇ ಹೇಳಿ.”

ಮತ್ತೆ ಮ್ಯೂಸಿಯಮ್ಮಿಗೆ ಹೋಗಿ, ಟೊರೊಂಟೊದಲ್ಲಿ ಬೆಳಗಾಗಲಿ ಎಂದು ಮಧ್ಯಾಹ್ನದವರೆಗೆ ಕಾದೆವು. ಗಾರ್ತ್‌ಗೆ ಈಗ ಎಂಬತ್ತು ದಾಟಿದೆ, ಸರೋವರದ ದಡದ ಮನೆಯಲ್ಲಿದ್ದಾನೆ. ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ನಳಿನಿ ಎದುರಿಗೆ ನಿಂತು ಕೇಳಿದಳು. “ಹಾಳೆ ಹಾಸುವಾಗ ಬಂದು ನೋಡದೆ, ಆಮೇಲೆ ಅವಳನ್ನು ಎಲ್ಲರ ಎದುರು ನಿಲ್ಲಿಸಿದವನು ನಾನು,” ಎಂದ ಗಾರ್ತ್. “ನಿನ್ನ ಜೊತೆ ಮಾತು ಆಮೇಲೆ. ಮೊದಲು ಅವಳಿಗೆ ಫೋನ್ ಕೊಡು.”

ನಳಿನಿ ಫೋನ್ ತೆಗೆದುಕೊಂಡು ದೂರ ಹೋದಳು. ಇಪ್ಪತ್ತು ನಿಮಿಷ ಮಾತಾಡಿದರು. ನಡುವೆ ಒಮ್ಮೆ ಅವಳು ಕಣ್ಣೊರೆಸಿಕೊಂಡಳು, ಒಮ್ಮೆ ಜೋರಾಗಿ ನಕ್ಕಳು. ಏನು ಹೇಳಿ ನಗಿಸಿದನೋ ತಿಳಿಯಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಆ ಹೊತ್ತಿನಲ್ಲೂ, ಅಷ್ಟೆಲ್ಲ ಒಪ್ಪಿಕೊಂಡ ಮೇಲೂ, ಎದೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಇದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಸುಬು ಮಾಡುವವರಿಗೆ ಬಂದೇ ಬರುತ್ತದೆ. ಬಂದಾಗ ಬಾಯಿ ಮುಚ್ಚಿಕೊಂಡಿರಬೇಡಿ ಎಂದಷ್ಟೇ ನಾನು ಹೇಳಬಲ್ಲೆ.

ಹೊರಡುವ ದಿನ ನಳಿನಿ ಮ್ಯೂಸಿಯಮ್ಮಿನ ಅಂಗಡಿಯಲ್ಲಿ ಒಂದು ಪೆನ್ಸಿಲ್ಲು, ಒಂದು ಸಣ್ಣ ಪುಸ್ತಕ ಕೊಂಡು ಹಲಗೆಯ ಮೇಲೆ ಕಾಲು ಚಾಚಿ ಕೂತಳು. ನಾನು ದೂರದ ಬೆಂಚಿನಲ್ಲಿದ್ದೆ. ಒಂದು ತಾಸಿನ ಮೇಲೆ ತಡೆಯಲಾರದೆ ಹೋಗಿ ಅವಳ ಹೆಗಲ ಮೇಲಿಂದ ಇಣುಕಿದೆ. ಮೊದಲ ಎರಡು ಪುಟ ಹರಿದು ಮಡಚಿಟ್ಟಿದ್ದಳು. ಮೂರನೆಯದರಲ್ಲಿ ಒಂದು ಹಿಮಸಾರಂಗವಿತ್ತು. ನಾಲ್ಕೈದು ಗೆರೆ, ಅಷ್ಟರಲ್ಲೇ ಅದು ನಡೆಯುತ್ತಿತ್ತು.

“ಹೇಗಿದೆ?” ಎಂದಳು, ತಲೆ ಎತ್ತದೆ.

“ಭಾಳ ಛಲೋ ಐತಿ. ನೋಡಿ ಹೊಟ್ಟಿ ಉರಿಯಾಕತ್ತೈತಿ.”

“ಉರೀಲಿ,” ಎಂದಳು. “ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ತಿದೀರ.”

ನಾನು ಆ ಕಡೆ ಸರಿದು ನಿಂತೆ.